ಬೈಪಾಸ್ ಆಪರೇಶನ್ ಆದಮ್ಯಾಲ ಬಸುರಿ, 29 ವಾರ: ಎಡಗಡಿ ಮ್ಯಾಲ್ಹೊಟ್ಟಿ ನೋವು ಗ್ಯಾಸಾ ಏನ್ರಿ?

ತೊಗರಿಹೂವು, ಕಲಬುರಗಿ
ಮಂಗಳವಾರ ರಾತ್ರಿ 10:52

ಎಲ್ಲಾರಿಗೂ ನಮಸ್ಕಾರ್ರಿ. ಮೊದ್ಲ ಸಲ ಬರೀಲತ್ತೀನಿ, ಉದ್ದ ಆಗ್ತದ, ಪೂರಾ ಓದ್ರಿ ದಯವಿಟ್ಟು. ನನಗ 31 ವಯಸ್ಸು, ಮದಿವಿ ಆಗಿ ಆರು ವರ್ಷ ಮಕ್ಕಳಾಗಿರ್ಲಿಲ್ಲ, ಪಿಸಿಓಡಿ (ಮುಟ್ಟು ಏರುಪೇರಾಗೋ ಅಂಡಾಶಯದ ತ್ರಾಸು) ಇತ್ತು, ತೂಕ 116 ಕಿಲೋ. ಎಲ್ಲಾ ಡಾಕ್ಟರು ತೂಕ ಇಳಿಸು ಅಂದ್ರು, ವಾಕಿಂಗ್ ಡಯಟ್ ಎಲ್ಲಾ ಆಯ್ತು, ಇಳೀಲಿಲ್ಲ. ಕೊನಿಗಿ ಹೈದರಾಬಾದಿಗಿ ಹೋಗಿ ತೂಕ ಇಳಿಸೋ ಆಪರೇಶನ್ ಮಾಡಿಸ್ಕೊಂಡೆ, ಬೈಪಾಸ್. ನಮ್ಮನಿಯವ್ರಿಗಿ, ನಮ್ಮವ್ವಗ ಬಿಟ್ರ ಯಾರಿಗೂ ಗೊತ್ತಿಲ್ಲ. ಅತ್ತಿ ಮಾವಗ ಪಿತ್ತಕೋಶದಾಗ ಹರಳು ಆಗ್ಯಾವ ಅಂತ ಹೇಳಿದ್ವಿ, ಹೊಟ್ಟಿ ಮ್ಯಾಲ ಸಣ್ಣ ಸಣ್ಣ ತೂತಿನ ಗುರ್ತು ನೋಡಿ ಅವ್ರೂ ನಂಬ್ಯಾರ.

18 ತಿಂಗಳ ತನಕ ಬಸಿರಾಗಬ್ಯಾಡ್ರಿ ಅಂತ ಅಲ್ಲಿ ಹೇಳಿದ್ರು. ಆದ್ರ ಆರು ವರ್ಷ ಆಗ್ದಿದ್ದು ಈಗೇನ್ ಆಗ್ತದ ಬಿಡು ಅಂತ ನಾನೂ ಅಷ್ಟು ಹಚ್ಕೊಳ್ಳಿಲ್ಲ, ಹತ್ತನೇ ತಿಂಗಳಿಗೇ ನಿಂತ್ಬಿಡ್ತು. ಈಗ 29 ವಾರ, ನನ್ನ ತೂಕ 75. ಕೂಸು ಸ್ವಲ್ಪ ಸಣ್ಣದ ಅಂತಾರ.

ಎರಡು ವಿಷಯ ಕೇಳ್ಬೇಕು. ಒಂದು, ಹೋದ ವಾರ ಸಕ್ಕರಿ ಟೆಸ್ಟ್ ಅಂತ ಗ್ಲೂಕೋಸ್ ನೀರು ಕುಡಿಸಿದ್ರು. ಕಾಲು ತಾಸಿನಾಗ ಮೈಯೆಲ್ಲ ಬೆವರು, ಎದಿ ಢವ ಢವ, ಭೇದಿ, ಅಲ್ಲೇ ಕುರ್ಚಿ ಮ್ಯಾಲ ಕಣ್ಣು ಕತ್ತಲಿ ಬಂತು. ಮುಂದಿನ ವಾರ ಮತ್ತ ಬಾ ಅಂದಾರ. ಮತ್ತ ಕುಡೀಬೇಕಾ? ಎರಡನೇದು, 12 ದಿನದಿಂದ ಊಟ ಆದಮ್ಯಾಲ ಎಡಗಡಿ ಪಕ್ಕೆಲುಬಿನ ಕೆಳಗ ಹಿಡ್ಕೊಂಡಂಗ ಆಗ್ತದ, ಬೆನ್ನಿಗಿ ಹೊಡೀತದ, ತಾಸು ಎರಡು ತಾಸಿಗಿ ತಾನೇ ಹೋಗ್ತದ. ಇವತ್ತು ಸಂಜಿ ಆರಕ್ಕ ಅರ್ಧ ರೊಟ್ಟಿ ಬ್ಯಾಳಿ ಉಂಡೀನಿ, ಇನ್ನೂ ಹೋಗಿಲ್ಲ. ಅತ್ತಿ ಅಜಿವಾನ ನೀರು ಕೊಟ್ಟಾರ. ಡಾಕ್ಟರು ಹೋದ ಸಲ ಗ್ಯಾಸಿಂದು ಗುಳಿಗಿ ಬರ್ದಿದ್ರು. ಬ್ಯಾರೆ ಯಾವ್ದರ ಛಲೋ ಸಿರಪ್ ಅದ ಏನ್ರಿ?


ಬೀದರ್ ಕ್ವಾಟಿ
10:58

ಹಾರ್ಟ್ ಬೈಪಾಸ್ ಆಗಿ ಬಸಿರು ಇದ್ದೀರಿ ಅಂದ್ರ ಮೊದ್ಲ ಹಾರ್ಟ್ ಡಾಕ್ಟರ್ಗಿ ತೋರಿಸ್ರಿ ತಂಗಿ. ಗ್ಯಾಸಿಗಿ ನಮ್ಮ ಮನ್ಯಾಗ ಹಿಂಗು ಮಜ್ಜಿಗಿ ಕೊಡ್ತೀವಿ.


ತೊಗರಿಹೂವು
11:03

ಹಾರ್ಟಿಂದಲ್ಲ ಅಣ್ಣಾ, ಹೊಟ್ಟಿದು. ಜಠರ ಸಣ್ಣದು ಮಾಡಿ ಕರುಳು ತಿರುಗಿಸಿ ಜೋಡಿಸ್ತಾರಲ್ಲ ಅದು.


ರಾತ್ರಿಪಾಳಿ, ಕಲಬುರಗಿ
11:09

ತಂಗಿ, ನಾನು ಹೆರಿಗಿ ವಾರ್ಡಿನಾಗ 14 ವರ್ಷದಿಂದ ಸ್ಟಾಫ್ ನರ್ಸ್. ಸಿರಪ್ ಕೇಳಬ್ಯಾಡ. ಈಗ, ಇದು ಓದ್ಲತ್ತಿದ್ದಂಗೇ ದವಾಖಾನಿಗಿ ಹೊಂಟ್ ಬಿಡು. ಮುಂಜಾನಿ ತನಕ ಕಾಯಬ್ಯಾಡ.

ಯಾಕಂದ್ರ ಬೈಪಾಸ್‌ದಾಗ ಸಣ್ಣ ಕರುಳು ಕತ್ತರಿಸಿ ಮ್ಯಾಲ ಎಳ್ದು ಜೋಡಿಸಿರ್ತಾರ, ಹಂಗ ಮಾಡಿದಾಗ ಕರುಳು ಹಿಡ್ಕೊಂಡಿರೋ ಪದರದಾಗ ಸಂದಿ ಉಳೀತಾವ. ಹೊಲಿಗಿ ಹಾಕಿದ್ರೂ ಮುಂದ ತೂಕ ಇಳ್ದಂಗ ಒಳಗಿನ ಕೊಬ್ಬು ಕರಗಿ ಸಂದಿ ಮತ್ತ ತೆರ್ಕೋಬಹುದು. ಈಗ ಗರ್ಭಚೀಲ ಬೆಳ್ದು ಕರುಳನ್ನೆಲ್ಲಾ ಮ್ಯಾಲ ನೂಕ್ಲತ್ತದ, ಕರುಳು ಆ ಸಂದಿಯೊಳಗ ಹೊಕ್ಕು ಸಿಗೇ ಬಿದ್ದು ತಿರುಚಿಕೊಂಡ್ರ ರಕ್ತ ಹರಿಯೋದು ನಿಲ್ತದ. ಇದಕ್ಕ ಇಂಟರ್ನಲ್ ಹರ್ನಿಯಾ ಅಂತಾರ, ಹೊರಗ ಗಂಟು ಕಾಣೋ ಹರ್ನಿಯಾ ಅಲ್ಲ ಇದು, ಹೊರಗಿಂದ ಏನೂ ಕಾಣಂಗಿಲ್ಲ. ಹೆಚ್ಚಾಗಿ ಕೊನೀ ಮೂರು ತಿಂಗಳದಾಗೇ ಬರ್ತದ. ನೀ ಬರ್ದಿದ್ದು ಎಡಗಡಿ ಮ್ಯಾಲ, ಬೆನ್ನಿಗಿ ಹೊಡಿಯೋದು, ಊಟ ಆದಮ್ಯಾಲ ಬಂದು ಬಂದು ಹೋಗೋದು, ಈಗ ಐದು ತಾಸಾದ್ರೂ ಹೋಗವಲ್ದು, ಒಂದೊಂದು ಸಾಲೂ ಅದನ್ನೇ ಹೇಳ್ತದ. ಅಲ್ಲ ಅಂತ ಖಾತ್ರಿ ಆಗೋ ತನಕ ಅದೇ ಅಂತ ತಿಳೀಬೇಕು.

ಒಂದು ಮಾತು ಕೇಳ್ತೀನಿ, ತಾಯಿ ಕಾರ್ಡಿನಾಗ ಆಪರೇಶನ್ ಏನಂತ ಬರ್ಸೀರಿ?


ತೊಗರಿಹೂವು
11:14

ಪಿತ್ತಕೋಶದ ಆಪರೇಶನ್ ಅಂತ ಅಕ್ಕಾ. ಮೊದ್ಲ ಚೆಕಪ್ಪಿಗಿ ಅತ್ತಿ ಸಂಗಡ ಬಂದಿದ್ರು, ಅವ್ರ ಮುಂದ ಹ್ಯಾಂಗ ಹೇಳ್ಲಿ.


ರಾತ್ರಿಪಾಳಿ
11:16

ಅಂದ್ರ ನಿನ್ನ ಡಾಕ್ಟರ್ಗಿ ಗೊತ್ತೇ ಇಲ್ಲ. ಅವ್ರು ಗ್ಯಾಸಿನ ಗುಳಿಗಿ ಬರ್ದಿದ್ದರಾಗ ಅವ್ರ ತಪ್ಪೇನಿಲ್ಲವ್ವ. ಸಕ್ಕರಿ ನೀರು ಕುಡಿಸಿದ್ದೂ ಅದಕ್ಕೇ.


ಹುಮನಾಬಾದ್ ವೈನಿ
11:21

ನಿದ್ದಿ ಬರ್ಲಾರ್ದಕ್ಕ ಫೋನ್ ತೆಗ್ದೆ, ಇದು ಓದಿ ಕೈ ನಡಗ್ಲತ್ತಾವ. ತಂಗೀ ನನಗೂ ಇದೇ ಆಗಿತ್ತು, 31ನೇ ವಾರಕ್ಕ. ಒಂದು ಕಡಿ ಆಸಿಡಿಟಿ ಅಂದ್ರು. ಇನ್ನೊಂದು ಕಡಿ ಹೆರಿಗಿ ನೋವು ಬರೋ ಮುನ್ಸೂಚನಿ ಅಂತ ಹೊಟ್ಟಿ ಮ್ಯಾಲ ಬೆಲ್ಟ್ ಕಟ್ಟಿ ನೋಡಿದ್ರು, ಕೂಸಿನ ಎದಿಬಡಿತ ಛಲೋ ಅದ ಹೋಗ್ರಿ ಅಂದ್ರು. ಸೋನೋಗ್ರಾಫಿ ಮಾಡಿದ್ರು, ಅದರಾಗೂ ಏನೂ ಕಾಣಿಲ್ಲ, ಆಮ್ಯಾಲ ಗೊತ್ತಾಯ್ತು ಅದರಾಗ ಇದು ಹೆಚ್ಚಾಗಿ ಕಾಣೂದೇ ಇಲ್ಲ ಅಂತ. ರಕ್ತ ಪರೀಕ್ಷಿ ನಾರ್ಮಲ್. ವಾಂತಿನೂ ಹೆಚ್ಚಿರ್ಲಿಲ್ಲ, ಹೊಟ್ಟಿನೇ ಸಣ್ಣದು, ಬರೇ ಒಣ ಓಕರಿಕಿ. ಎಲ್ಲಾ ನಾರ್ಮಲ್ ಅದ ಅಂತಿದ್ರು, ನಾನು ಮಾತ್ರ ಹಾಸಿಗಿ ಮ್ಯಾಲ ಮೊಣಕಾಲೂರಿ ಕುಂತು ಅಳ್ಲತ್ತಿದ್ದೆ. ಕೊನಿಗಿ ನಮ್ಮಣ್ಣ ಆಪರೇಶನ್ ಮಾಡಿದ ಡಾಕ್ಟರ್ಗೇ ಫೋನ್ ಹಚ್ಚಿದ, ಅವ್ರು ಒಂದೇ ಮಾತು ಹೇಳಿದ್ರು, ಗಾಡಿ ಹತ್ತಿಸ್ರಿ ಅಂತ. ಹೈದರಾಬಾದ್ ಮುಟ್ಟೋದ್ರಾಗ ಎರಡು ಫೂಟು ಕರುಳು ಕಪ್ಪಾಗಿತ್ತು, ತೆಗ್ದ್ರು. ಮಗಳು 32 ವಾರಕ್ಕೇ ಹುಟ್ಟಿದ್ಲು, 1 ಕಿಲೋ 400 ಗ್ರಾಂ, ತಿಂಗಳ ಮ್ಯಾಲ ಪೆಟ್ಟಿಗ್ಯಾಗಿದ್ಲು. ಈಗ ನಾಲ್ಕು ವರ್ಷದಾಕಿ, ಪಕ್ಕದಾಗೇ ಮಲ್ಕೊಂಡಾಳ.

ನಾನು ಎರಡು ದಿವ್ಸ ತಡ ಮಾಡಿದ್ದೆ ತಂಗಿ. ನೀ ಮಾಡಬ್ಯಾಡ. ಅತ್ತಿ ಏನಂತಾರ ಅನ್ನೋದು ಆಮ್ಯಾಲ.


ತೊಗರಿಹೂವು
11:26

ಅಂಜಿಕಿ ಬರ್ಲತ್ತದ. ಸಿಟಿ ಸ್ಕ್ಯಾನ್ ಮಾಡ್ತಾರ? ಅದರ ಕಿರಣ ಕೂಸಿಗಿ ತಾಗ್ತದ ಅಂತಾರಲ್ಲ.


ರಾತ್ರಿಪಾಳಿ
11:29

ಒಂದು ಸಿಟಿ ಸ್ಕ್ಯಾನಿನ ಕಿರಣ ಸಾಮಾನ್ಯವಾಗಿ ಕೂಸಿಗಿ ಹಾನಿ ಮಾಡೋ ಮಟ್ಟಕ್ಕಿಂತ ಕಮ್ಮಿ ಇರ್ತದ. ಎಂಆರ್‌ಐ ಲಗೂನೇ ಸಿಗ್ತದ ಅಂದ್ರ ಅದೂ ಆಗ್ತದ, ಆದ್ರ ಅದಕ್ಕಂತ ನಾಳಿ ತನಕ ಕಾಯೋದು ತಪ್ಪು. ಕರುಳು ಸತ್ರ ತಾಯಿ ಕೂಸು ಇಬ್ಬರ ಜೀವಕ್ಕೂ ಅಪಾಯ, ಇದಕ್ಕಿಂತ ದೊಡ್ಡ ಹಾನಿ ಯಾವ ಸ್ಕ್ಯಾನ್ ಮಾಡ್ತದ ಹೇಳು. ಸ್ಕ್ಯಾನಿನಾಗ ಕಾಣ್ಲಿಲ್ಲ, ಆದ್ರ ನೋವು ನಿಲ್ಲವಲ್ದು ಅಂದ್ರೂ ಸರ್ಜನ್ ಹೊಟ್ಟಿ ಒಳಗ ದುರ್ಬೀನ್ ಹಾಕಿ ನೋಡೋದೇ ಸರಿ.

ಬಾಗಲ್ದಾಗ ಕಾಲಿಡ್ತಿದ್ದಂಗೇ ಮೊದ್ಲನೇ ಮಾತು ಇದು: "ನನಗ ಗ್ಯಾಸ್ಟ್ರಿಕ್ ಬೈಪಾಸ್ ಆಗ್ಯಾದ, 29 ವಾರದ ಬಸುರಿ, ಆರು ತಾಸಿನಿಂದ ಮ್ಯಾಲ್ಹೊಟ್ಟಿ ನೋವು, ಇಂಟರ್ನಲ್ ಹರ್ನಿಯಾ ಅದ ಏನು ನೋಡ್ರಿ." ಬರೇ ಹೊಟ್ಟಿನೋವು ಅಂದ್ರ ಹೆರಿಗಿ ವಾರ್ಡಿನಾಗೇ ಮಲಗಿಸ್ತಾರ. ಸರ್ಜನ್ ಬೇಕು ಅನ್ರಿ. ಡಿಸ್ಚಾರ್ಜ್ ಕಾಗದ ತಗೊಂಡ್ ಹೋಗು, ಹೈದರಾಬಾದ್ ಡಾಕ್ಟರ್ ನಂಬರ್ ಗಂಡನ ಕೈಯಾಗಿರ್ಲಿ. ದಾರ್ಯಾಗ ಏನೂ ತಿನ್ನಬ್ಯಾಡ ಕುಡೀಬ್ಯಾಡ.


ತೊಗರಿಹೂವು
11:33

ನಮ್ಮನಿಯವ್ರು ಗಾಡಿ ತರ್ಲಾಕ ಹೋದ್ರು. ಅತ್ತಿ ಎದ್ದು ಕುಂತಾರ, ಏನಾಯ್ತು ಅಂತ ಕೇಳ್ಲತ್ತಾರ. ಹೊಂಟೀವಿ.


ಯಾದಗಿರಿ ಗುಡ್ಡ
ಬುಧವಾರ ಮುಂಜಾನಿ 6:40

ಏನಾಯ್ತ್ರಿ? ರಾತ್ರಿಯೆಲ್ಲಾ ಇದೇ ಯೋಚ್ನಿ.

ಅವ್ರು ಬರೋತನಕ ನಮ್ಮ ಮನಿ ವಿಷಯ ಬರೀತೀನಿ, ಯಾರಿಗರ ಉಪಯೋಗಕ್ಕ ಬೀಳ್ಲಿ. ನನ್ನ ಹೆಂಡ್ತಿಗಿ ಆಗಿದ್ದು ಬೈಪಾಸಲ್ಲ, ಸ್ಲೀವ್, ಅಂದ್ರ ಹೊಟ್ಟಿ ಉದ್ದಕ ಕತ್ತರಿಸಿ ಬಾಳಿಕಾಯಿಯಷ್ಟು ಉಳಿಸ್ತಾರಲ್ಲ ಅದು. ಅದರಾಗ ಕರುಳು ಮುಟ್ಟಂಗಿಲ್ಲ, ಹಂಗಾಗಿ ಈ ಸಂದಿ ತ್ರಾಸು ಬರಂಗಿಲ್ಲ ಅಂತ ಡಾಕ್ಟರ್ ಹೇಳಿದ್ರು. ಆದ್ರ ಬ್ಯಾರೇನೇ ಆಯ್ತು. ಎರಡೂವರಿ ತಿಂಗಳ ಬಸುರಿ ಇದ್ದಾಗ ಮೂರು ವಾರ ಬಿಡದಂಗ ವಾಂತಿ. ಬಸುರಿಗಿ ವಾಂತಿ ಸಹಜ ಅಂತ ಎಲ್ಲಾರೂ ಅಂದ್ರು, ಊರಾಗಿನ ಕ್ಲಿನಿಕ್ಕಿಗಿ ಹೋಗಿ ದಿನಾ ಒಂದು ಗ್ಲೂಕೋಸ್ ಬಾಟ್ಲಿ ಹಾಕಿಸ್ಕೊಂಡು ಬರ್ತಿದ್ವಿ, ಶಕ್ತಿ ಬರ್ತದ ಅಂತ. ನಾಲ್ಕನೇ ಬಾಟ್ಲಿ ಆದ ದಿನ ಸಂಜಿಕ ಆಕಿ ನಡೀಬೇಕಾದ್ರ ವಾಲಾಡ್ಲತ್ಲು, ಒಂದು ಎರಡಾಗಿ ಕಾಣ್ತದ ಅಂದ್ಲು, ನನ್ನ ತಮ್ಮನ ಹೆಸರು ಮರ್ತು ಬ್ಯಾರೆ ಹೆಸರಿಂದ ಕರದ್ಲು. ಕಲಬುರಗಿಗಿ ಒಯ್ದ್ವಿ. ಅಲ್ಲಿ ಒಬ್ಬ ಹುಡುಗ ಡಾಕ್ಟರ್, ಇನ್ನೂ ಕಲೀಲತ್ತಿದ್ದ ಅನಸ್ತದ, ಆಪರೇಶನ್ ಆಗ್ಯಾದ ಅಂತ ಕೇಳಿದ್ದೇ ತಡ ಬಿ1 ಇಂಜೆಕ್ಷನ್ ತರಿಸ್ದ, ಥಯಾಮಿನ್ ಅಂತಾರ. ದೇಹದಾಗ ಬಿ1 ಖಾಲಿ ಆದಾಗ ಬರೇ ಗ್ಲೂಕೋಸ್ ಏರಿಸಿದ್ರ ಇದ್ದದ್ದೂ ಉರ್ದು ಹೋಗಿ ಮೆದುಳಿಗಿ ಪೆಟ್ಟು ಬೀಳ್ತದಂತ. ಮೊದ್ಲ ಬಿ1, ಆಮ್ಯಾಲ ಗ್ಲೂಕೋಸ್, ಈ ಅನುಕ್ರಮ ನನಗ ಸಾಯೋ ತನಕ ಮರಿಯಂಗಿಲ್ಲ. ಮೂರು ದಿನಕ್ಕ ಕಣ್ಣು ಸರಿ ಆದ್ವು, ನಡಿಗಿ ಸರಿ ಆಗ್ಲಿಕ್ಕ ತಿಂಗಳು ಹಿಡೀತು. ಕ್ಲಿನಿಕ್ಕಿನವ್ರಿಗಿ ನಾವೇ ಆಪರೇಶನ್ ವಿಷಯ ಹೇಳಿರ್ಲಿಲ್ಲ, ಅದು ನನ್ನ ತಪ್ಪು, ನಾಚಿಕಿ ಪಟ್ಟು ಹೇಳ್ಲಿಲ್ಲ.


ಶಹಾಪುರ ಮಾಸ್ತರ್
7:15

ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ದೇವ್ರು ಕೊಟ್ಟ ಹೊಟ್ಟಿ ಕತ್ತರಿಸ್ಕೊಂಡು ಇಷ್ಟೆಲ್ಲಾ ತ್ರಾಸು ತಗೊಳ್ಳೋದು ಯಾಕ? ನಮ್ಮ ತಾಯಂದಿರು ದಪ್ಪ ಇದ್ರೂ ಎಂಟು ಎಂಟು ಹಡೀಲಿಲ್ಲೇನು. ನನ್ನ ಮಗಳಿಗೂ ಯಾರೋ ಈ ಆಪರೇಶನ್ ಹೇಳ್ಯಾರ, ಅದಕ್ಕ ಹೊಟ್ಯಾಗ ಸಂಕಟ ಆಗಿ ಕೇಳ್ಲತ್ತೀನಿ.


ರಾತ್ರಿಪಾಳಿ
9:05

ಸರ್, ನೀವು ತಂದಿ ಆಗಿ ಕೇಳೀರಿ, ಸಿಟ್ಟ್ಯಾಕ ಬರ್ತದ. ಆದ್ರ 110, 120 ಕಿಲೋ ತೂಕದಾಗ ಬಸಿರಾದ್ರ ಏನಾಗ್ತದ ಅನ್ನೋದನ್ನ ನಾ ದಿನಾ ಕಣ್ಣಾರೆ ನೋಡ್ತೀನಿ. ಬಿಪಿ ಏರ್ತದ, ಫಿಟ್ಸ್ ಬರ್ತಾವ, ಸಕ್ಕರಿ ಬರ್ತದ, ಕೂಸು ನಾಲ್ಕು ನಾಲ್ಕೂವರಿ ಕಿಲೋ ಆಗಿ ಹೆಗಲು ಸಿಗೇ ಬೀಳ್ತದ. ಎಂಟು ಹಡದ್ರು ಖರೆ, ಎಂಟರಾಗ ಎಷ್ಟು ಉಳದ್ವು, ಎಷ್ಟು ತಾಯಂದಿರು ಹೋದ್ರು ಅಂತನೂ ಲೆಕ್ಕ ಹಿಡೀಬೇಕಲ್ರಿ.

2015ರಾಗ ಸ್ವೀಡನ್ ದೇಶದ್ದು ದೊಡ್ಡ ಅಧ್ಯಯನ ಬಂತು, ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ದಾಗ. ಆಪರೇಶನ್ ಆಗಿ ಬಸಿರಾದವ್ರನ್ನ, ಆಪರೇಶನ್ಗಿಂತ ಮೊದ್ಲು ಅವ್ರಿಗಿದ್ದಷ್ಟೇ ತೂಕ ಇದ್ದ ಬ್ಯಾರೆ ಬಸುರಿಯರ ಜೋಡಿ ತೂಗಿ ನೋಡಿದ್ರು. ಬಸಿರಿನ ಸಕ್ಕರಿ ರೋಗ ಆಪರೇಶನ್ ಆದವ್ರಾಗ ನೂರಕ್ಕ 1.9, ಆಗ್ದಿದ್ದವ್ರಾಗ 6.8. ಅತೀ ದೊಡ್ಡ ಕೂಸು ಆಪರೇಶನ್ ಆದವ್ರಾಗ 8.6, ಆಗ್ದಿದ್ದವ್ರಾಗ 22.4. ಆದ್ರ ಸಣ್ಣ ಕೂಸು ಹುಟ್ಟೋದು ಉಲ್ಟಾ, ಆಪರೇಶನ್ ಆದವ್ರಾಗ 15.6, ಆಗ್ದಿದ್ದವ್ರಾಗ 7.6. ಒಂದು ಕಡಿ ಲಾಭ, ಒಂದು ಕಡಿ ಹೊಸ ಎಚ್ಚರಿಕಿ. ಆ ಎಚ್ಚರಿಕಿ ಏನಂತ ಯಾರೂ ಕೂಡ್ಸಿ ಹೇಳಂಗಿಲ್ಲ, ಆಪರೇಶನ್ ಮಾಡೋ ಊರು ಒಂದು, ಹೆರಿಗಿ ಮಾಡೋ ಊರು ಇನ್ನೊಂದು. ನಮ್ಮ ಕಡಿ ಮಂದಿದು ಇದೇ ಕಷ್ಟ.

ನಿಮ್ಮ ಮಗಳಿಗಿ ಆಪರೇಶನ್ ಮಾಡಿಸೋದು ಬಿಡೋದು ಆಕಿ ಮತ್ತ ಡಾಕ್ಟರ್ ಕೂಡಿ ಮಾಡೋ ನಿರ್ಣಯ. ಮಾಡಿಸಿದ್ರ ಮಾತ್ರ ಮುಚ್ಚಿ ಇಡಬ್ಯಾಡ್ರಿ.


ಜ್ವಾಳದ ರೊಟ್ಟಿ, ಆಳಂದ
10:20

ನಾನು ಆಹಾರ ಸಲಹೆಗಾರ್ತಿ. ಇಂಥ ತಾಯಂದಿರಿಗಿ ಸರ್ಕಾರಿ ಕೆಂಪು ಕಬ್ಬಿಣದ ಗುಳಿಗಿ ಒಂದೇ ನಂಬಿ ಕುಂದರ್ಲಾಕ ಆಗಂಗಿಲ್ರಿ. ಅದರಾಗ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಅದ, ಸಾಮಾನ್ಯ ಬಸುರಿಗಿ ಸರಿ. ಬೈಪಾಸ್ ಆದವ್ರಿಗಿ ಕಬ್ಬಿಣ ಹೀರೋ ಜಾಗಾನೇ ದಾಟಿ ಊಟ ಮುಂದ ಹೋಗ್ತದ, ಹಂಗಾಗಿ ಗುಳಿಗಿ ತಪ್ಪದೇ ನುಂಗಿದ್ರೂ ಹಿಮೋಗ್ಲೋಬಿನ್ ಏರಂಗಿಲ್ಲ, ನೀ ಗುಳಿಗಿ ತಗೋವಲ್ಲಿ ಅಂತ ಬೈಸ್ಕೋತಾರ ಪಾಪ. ರಗತ ಏರ್ಲಿಲ್ಲ ಅಂದ್ರ ನರಕ್ಕ ಕೊಡೋ ಕಬ್ಬಿಣದ ಇಂಜೆಕ್ಷನ್ ಕೇಳ್ರಿ. ಕ್ಯಾಲ್ಸಿಯಂನೂ ಹಂಗೇ, ಕಾರ್ಬೊನೇಟ್ ಗುಳಿಗಿ ಕರಗ್ಲಾಕ ಹೊಟ್ಟಿ ಆಸಿಡ್ ಬೇಕು, ಇವ್ರಿಗಿ ಆಸಿಡ್ ಕಮ್ಮಿ, ಅದಕ್ಕ ಸಿಟ್ರೇಟ್ ಛಲೋ. ಕಬ್ಬಿಣ ಮತ್ತ ಕ್ಯಾಲ್ಸಿಯಂ ಒಂದೇ ಹೊತ್ತಿಗಿ ನುಂಗಬ್ಯಾಡ್ರಿ, ನಡುವ ಎರಡು ತಾಸರ ಇರ್ಲಿ. ಬಿ12 ಇಂಜೆಕ್ಷನ್, ವಿಟಮಿನ್ ಡಿ. ಎ ವಿಟಮಿನ್ ರೆಟಿನಾಲ್ ರೂಪದಾಗ ಹೆಚ್ಚಾದ್ರ ಕೂಸಿಗಿ ಕೆಟ್ಟದ್ದು, ಅದಕ್ಕ ಎ ವಿಟಮಿನ್ ಬೀಟಾ ಕೆರೋಟಿನ್ ರೂಪದಾಗ ಇರೋ ಮಲ್ಟಿವಿಟಮಿನ್ ಅದ ಏನಂತ ಡಾಕ್ಟರ್ಗಿ ಕೇಳಿ ತಗೊಳ್ರಿ. ಮೂರು ಮೂರು ತಿಂಗಳಿಗಿ ಒಮ್ಮೆ ರಕ್ತ ಪರೀಕ್ಷಿ.

ಊಟದ್ದು ಹೇಳ್ಬೇಕಂದ್ರ ದಿನಕ್ಕ 60 ಗ್ರಾಂ ಪ್ರೋಟೀನ್ ಕಮ್ಮಿ ಅಂದ್ರೂ ಬೇಕು, ಇವ್ರ ಹೊಟ್ಟಿಗಿ ಒಂದು ಸಲಕ್ಕ ಒಂದು ಸಣ್ಣ ವಾಟಗ ಅಷ್ಟೇ ಹಿಡೀತದ. ನಮ್ಮ ತೊಗರಿಬ್ಯಾಳಿ ನೂರು ಗ್ರಾಮಿನಾಗ 22 ಗ್ರಾಂ ಪ್ರೋಟೀನ್ ಅದ ಖರೆ, ಆದ್ರ ಅದು ಹಸೀ ಬ್ಯಾಳಿ ಲೆಕ್ಕ, ತಿಳಿ ಸಾರು ಮಾಡಿ ಕುಡದ್ರ ಅದರಾಗ ನೀರೇ ಹೆಚ್ಚು. ಗಟ್ಟಿ ಬ್ಯಾಳಿ ಮೊದ್ಲು ತಿನ್ರಿ, ರೊಟ್ಟಿ ಆಮ್ಯಾಲ. ತತ್ತಿ ತಿನ್ನೋರಿದ್ರ ಒಂದು ತತ್ತಿಗಿ 6 ಗ್ರಾಂ. ಮೊಸರು, ಪನೀರ್, ಸೇಂಗಾ ಹಿಂಡಿ. ಮೇ ತಿಂಗಳ ಬಿಸಲಾಗ ಇವ್ರಿಗಿ ಗಟಗಟ ನೀರು ಕುಡೀಲಾಕ ಬರಂಗಿಲ್ಲ, ಬಾಟ್ಲಿ ಕೈಯಾಗೇ ಇಟ್ಕೊಂಡು ಹತ್ತು ನಿಮಿಷಕ್ಕ ಎರಡು ಗುಟುಕು ಕುಡೀಬೇಕು, ಊಟದ ಜೋಡಿ ಅಲ್ಲ.

ಸಕ್ಕರಿ ಟೆಸ್ಟಿನ ಪ್ರಶ್ನಿಗಿ ಉತ್ತರ: 75 ಗ್ರಾಂ ಗ್ಲೂಕೋಸ್ ಬೈಪಾಸ್ ಆದವ್ರಿಗಿ ಸೀದಾ ಕರುಳಿಗಿ ಸುರ್ದಂಗ ಆಗ್ತದ, ಅದಕ್ಕ ಡಂಪಿಂಗ್ ಅಂತಾರ, ಅವ್ರಿಗಾಗಿದ್ದು ಅದೇ. ಮತ್ತ ಕುಡೀಬಾರ್ದು. ಅದರ ಬದ್ಲಿ 24ರಿಂದ 28 ವಾರದೊಳಗ ಒಂದು ವಾರ ಮನ್ಯಾಗೇ ಗ್ಲೂಕೋಮೀಟರ್‌ದಾಗ ನೋಡೋದು, ಖಾಲಿ ಹೊಟ್ಟಿಲಿ 95ರ ಒಳಗ, ಊಟ ಆಗಿ ಒಂದು ತಾಸಿಗಿ 140ರ ಒಳಗ ಇರ್ಬೇಕು. ಅವ್ರಿಗಿ 29 ಆಗ್ಯಾದ, ಈಗೂ ನೋಡಬಹುದು.


ತೊಗರಿಹೂವು
ಬುಧವಾರ ಸಂಜಿ 5:47

ನಾನು ಆಕಿ ಗಂಡ ಬರೀಲತ್ತೀನಿ. ರಾತ್ರಿ 12ಕ್ಕ ಮುಟ್ಟಿದ್ವಿ. ನರ್ಸ್ ಅಕ್ಕಾರು ಹೇಳಿದ್ದನ್ನ ಬಾಯಿಪಾಠ ಮಾಡ್ಕೊಂಡು ಹೋಗಿದ್ದೆ, ಹಂಗೇ ಹೇಳ್ದೆ. ಡ್ಯೂಟಿ ಡಾಕ್ಟರ್ ಕಾರ್ಡ್ ನೋಡಿ ಪಿತ್ತಕೋಶ ಅಂತ ಅದಲ್ಲ ಅಂದ್ರು, ಅದು ಸುಳ್ರಿ ಸರ್, ನಾವೇ ಬರ್ಸಿದ್ದು ಅಂದೆ. ಅಮ್ಮ ಹಿಂದೇ ನಿಂತಿದ್ರು. ಅವ್ರು ಏನೂ ಅನ್ಲಿಲ್ಲ. ಸಿಟಿ ಆಯ್ತು, ಕರುಳು ಸುಳಿಯಂಗ ತಿರುಚ್ಕೊಂಡದ ಅಂದ್ರು. ಹೈದರಾಬಾದ್ ಡಾಕ್ಟರ್ ಫೋನ್‌ನಾಗೇ ಇಲ್ಲಿ ಸರ್ಜನ್ ಜೋಡಿ ಮಾತಾಡಿದ್ರು, ಇನ್ನೂರು ಕಿಲೋಮೀಟರ್ ಮ್ಯಾಲ ತರೋದು ಬ್ಯಾಡ, ಅಲ್ಲೇ ಮಾಡ್ರಿ ಅಂದ್ರು. ನಸುಕಿನಾಗ 4ಕ್ಕ ಒಳಗ ಒಯ್ದ್ರು. ಅದಕ್ಕಿಂತ ಮೊದ್ಲು ಕೂಸಿನ ಪುಪ್ಪುಸ ಗಟ್ಟಿ ಆಗ್ಲಿ ಅಂತ ಒಂದು ಇಂಜೆಕ್ಷನ್ ಕೊಟ್ರು, ಅಕಸ್ಮಾತ್ ಲಗೂ ಹೆರಿಗಿ ಆದ್ರ ಅಂತ. ಕರುಳು ನೀಲಿ ಆಗಿತ್ತಂತ, ಬಿಡಿಸಿದ ಮ್ಯಾಲ ಬಣ್ಣ ತಿರುಗಿ ಬಂತು, ಕತ್ತರಿಸೋದು ಬೀಳ್ಲಿಲ್ಲ. ಸಂದಿ ಹೊಲ್ದಾರ. ಕೂಸಿನ ಎದಿಬಡಿತ ಛಲೋ ಅದ.

ಆಕಿಗಿ ಎಚ್ಚರ ಅದ. ಮೊದ್ಲ ಕೇಳಿದ್ದು, ಅತ್ತಿ ಎಲ್ಲ್ಯಾರ ಅಂತ.


ಹುಮನಾಬಾದ್ ವೈನಿ
5:51

ಅಳ್ಲತ್ತೀನಿ ತಮ್ಮಾ. ಶರಣಬಸಪ್ಪ ಕಾಯ್ದ.


ಯಾದಗಿರಿ ಗುಡ್ಡ
6:02

ನೀವು ಎಲ್ಲಾರ ಮುಂದ ಅದು ಸುಳ್ಳು ಅಂತ ಹೇಳಿದ್ದು ನೋಡ್ರಿ ಅಣ್ಣಾ, ಅದು ನನ್ನ ಕೈಯಿಂದ ಆಗಿರ್ಲಿಲ್ಲ.


ತೊಗರಿಹೂವು
ಮೂರು ವಾರ ಆದಮ್ಯಾಲ

ನಾನೇ ಬರೀಲತ್ತೀನಿ ಈಗ. 32 ವಾರ ಆಯ್ತು. ಹೊಲಿಗಿ ಒಣಗ್ಯಾವ.

ಅತ್ತಿ ಮಾತು ಬರೀಲೇಬೇಕು. ಎರಡು ದಿನ ಅವ್ರು ನನ್ನ ಜೋಡಿ ಮಾತಾಡಿರ್ಲಿಲ್ಲ, ಆದ್ರ ದವಾಖಾನಿ ಬಿಟ್ಟೂ ಹೋಗಿರ್ಲಿಲ್ಲ, ನೆಲದ ಮ್ಯಾಲ ಚಾದರ್ ಹಾಸ್ಕೊಂಡು ಮಲಗ್ತಿದ್ರು. ಮೂರನೇ ದಿನ ತಲಿ ಬಾಚ್ತಾ ಬಾಚ್ತಾ, "ದಪ್ಪ ಇದ್ದೀ ಅಂತ ನಾ ಎಷ್ಟೋ ಸಲ ಮಂದಿ ಮುಂದ ಅಂದೀನಿ, ಅದಕ್ಕ ನೀ ನನಗ ಹೇಳ್ಲಿಲ್ಲ" ಅಂದ್ರು. ನಾ ಏನೂ ಅನ್ಲಿಲ್ಲ, ಯಾಕಂದ್ರ ಖರೇನೇ ಅದು. ಊರಿಗಿ ಬಂದಮ್ಯಾಲ ಆಶಾ ಅಕ್ಕಗ ಅವ್ರೇ ಮನಿಗಿ ಕರ್ಸಿ ತಾಯಿ ಕಾರ್ಡಿನಾಗ ತಿದ್ದಿಸ್ಯಾರ. ಮೊದಲ್ನೇ ಪುಟದಾಗೇ ಕೆಂಪು ಪೆನ್ನಿಲಿ ಬೈಪಾಸ್ ಅಂತ ಬರ್ದದ.

ಗ್ಲೂಕೋಮೀಟರ್ ತಂದು ವಾರ ನೋಡ್ದೆ, ಸಕ್ಕರಿ ಇಲ್ಲ. ಕುಬಸದಾಗ ಸಜ್ಜಕದ ಹೋಳಿಗಿ ಎಲ್ಲಾರೂ ಬಾಯಿಗಿ ಇಡ್ಲಿಕ್ಕ ಬಂದ್ರು, ಅತ್ತಿ ಅಡ್ಡ ಕೈ ಹಿಡ್ದು, ಆಕಿಗಿ ಸಿಹಿ ಆಗಂಗಿಲ್ಲ, ಮುತ್ತೈದೇರು ಹೂವು ಮುಡಿಸ್ರಿ ಸಾಕು ಅಂದ್ರು. ಬಿ12 ಭಾಳ ಕಮ್ಮಿ ಬಂದದ, ಇಂಜೆಕ್ಷನ್ ಶುರು ಆಗ್ಯಾದ. ತಿಂಗಳಿಗೊಂದು ಸ್ಕ್ಯಾನ್, ಕೂಸು ಸಣ್ಣದ ಆದ್ರ ಬೆಳೀಲತ್ತದ.


ಸೇಡಂ ಹುಡುಗಿ
ಮರುದಿನ

ಅಕ್ಕಾ ನನಗ ಬೈಪಾಸ್ ಆಗಿ ಐದೇ ತಿಂಗಳು. ಮೊದ್ಲ ಮುಟ್ಟು ನಾಲ್ಕು ತಿಂಗಳಿಗೊಮ್ಮೆ ಆಗ್ತಿತ್ತು, ಈಗ ಪ್ರತಿ ತಿಂಗಳೂ ಸರಿಯಾಗಿ ಆಗ್ಲತ್ತದ. ಬಸಿರಾಗಬಾರ್ದು ಅಂತ ಗುಳಿಗಿ ತಗೊಳ್ಲತ್ತೀನಿ, ಸಾಕಲ್ಲ?


ರಾತ್ರಿಪಾಳಿ

ಸಾಕಾಗಂಗಿಲ್ಲವ್ವ. ಮುಟ್ಟು ಸರಿ ಆಗ್ಯಾದ ಅಂದ್ರ ಬಸಿರೂ ಲಗೂ ನಿಲ್ತದ ಅಂತ ಅರ್ಥ, ತೂಕ ಇಳ್ದಂಗ ಪಿಸಿಓಡಿ ತಾನೇ ಸುಧಾರಿಸ್ತದ, ಇದು ಯಾರೂ ಮೊದ್ಲು ಹೇಳಂಗಿಲ್ಲ. ಬೈಪಾಸ್ ಆದಮ್ಯಾಲ ನುಂಗೋ ಗುಳಿಗಿ ಪೂರಾ ಮೈಗಿ ಹಿಡೀತದ ಅಂತ ನಂಬಿಕಿ ಇಲ್ಲ, ಜೋರು ವಾಂತಿ ಭೇದಿ ಆದ್ರ ಇನ್ನೂ ಇಲ್ಲ. ಕಾಪರ್ ಟಿ ಹಾಕಿಸ್ಕೊ, ಸರ್ಕಾರಿ ದವಾಖಾನ್ಯಾಗ ಪುಕ್ಕಟಿ. ತೂಕ ಜೋರು ಇಳೀಲತ್ತಿದ್ದಾಗ ಕೂಸಿಗಿ ಸಿಗ್ಬೇಕಾದ್ದು ಸಿಗಂಗಿಲ್ಲ, ಅದಕ್ಕೇ 12ರಿಂದ 18 ತಿಂಗಳು ಕಾಯ್ರಿ ಅನ್ನೋದು. ಆದ್ರ ಕಾಯೋದ್ರೊಳಗೇ ನಿಂತ್ರ ಅಂಜಿ ತೆಗ್ಸಬ್ಯಾಡ, ತೊಗರಿಹೂವು ಉದಾಹರಣಿ ಅದಳಲ್ಲ, ಮೊದಲ ವಾರದಿಂದ್ಲೇ ಡಾಕ್ಟರ್ಗಿ ಹೇಳಿ ನಡೀಬೇಕು ಅಷ್ಟೇ.


ತೊಗರಿಹೂವು
ಆರು ವಾರ ಆದಮ್ಯಾಲ

ಗಂಡು ಕೂಸು. 37 ವಾರಕ್ಕ, 2 ಕಿಲೋ 250 ಗ್ರಾಂ. ಸಹಜ ಹೆರಿಗಿ. ಬೈಪಾಸ್ ಆಗ್ಯಾದ ಅಂತ ಸಿಜೇರಿಯನ್ ಮಾಡ್ಲೇಬೇಕು ಅಂತೇನಿಲ್ಲ ಅಂದ್ರು ಡಾಕ್ಟರು.

ಹೆರಿಗಿ ಆದಮ್ಯಾಲ ನೋವಿಗಿ ಡೈಕ್ಲೋಫೆನಾಕ್ ಸೂಜಿ ತಂದ್ರು, ಕಾರ್ಡ್ ನೋಡಿ ಸಿಸ್ಟರ್ ತಾವೇ ವಾಪಸ್ ಇಟ್ಟು ಪ್ಯಾರಾಸಿಟಮಾಲ್ ಕೊಟ್ರು, ಬೈಪಾಸ್ ಜೋಡಣಿ ಹತ್ರ ಹುಣ್ಣಾಗ್ತದಂತ ಅದರಿಂದ. ಕೆಂಪು ಪೆನ್ನಿನ ಅಕ್ಷರ ನೋಡಿನೇ. ಮನ್ಯಾಗ ಅಂಟಿನ ಉಂಡಿ ತುಪ್ಪ ಬೆಲ್ಲ ಹಾಕಿ ಮಾಡ್ಯಾರ, ನಾನು ಒಂದು ಉಂಡಿ ನಾಲ್ಕು ತುಂಡು ಮಾಡಿ ದಿನಕ್ಕ ಒಂದೇ ತುಂಡು ತಿನ್ಲತ್ತೀನಿ.

ಒಂದು ಕೇಳ್ಬೇಕು. ಎದಿಹಾಲು ಕುಡಿಸ್ಲತ್ತೀನಿ, ನಮ್ಮದು ಸಸ್ಯಾಹಾರ. ಕೂಸಿಗಿ ಏನರ ಕಮ್ಮಿ ಬೀಳ್ತದ?


ಜ್ವಾಳದ ರೊಟ್ಟಿ

ಮುದ್ದು ಕೂಸಿಗಿ ನನ್ನ ಕಡಿಂದ ಮುತ್ತು ಕೊಡ್ರಿ. ಎದಿಹಾಲು ಬಿಡಬ್ಯಾಡ್ರಿ, ಆದ್ರ ನಿಮ್ಮ ಬಿ12 ಇಂಜೆಕ್ಷನ್ನೂ ಬಿಡಬ್ಯಾಡ್ರಿ. ತಾಯಿ ಮೈಯಾಗ ಬಿ12 ಇಲ್ಲಂದ್ರ ಹಾಲಿನಾಗೂ ಇರಂಗಿಲ್ಲ, ಕೂಸು ನಾಲ್ಕೈದು ತಿಂಗಳ ತನಕ ಛಲೋನೇ ಕಾಣ್ತದ, ಆಮ್ಯಾಲ ಮಂಕಾಗ್ತದ, ನಗೋದು ಬಿಡ್ತದ, ಕತ್ತು ಎತ್ತಂಗಿಲ್ಲ, ಮೈ ಕಪ್ಪಾಗ್ತದ, ಕೈ ನಡಗ್ತಾವ. ಹೆರಿಗಿ ಆಯ್ತು, ಇನ್ನ ಗುಳಿಗಿ ಸೂಜಿ ಸಾಕು ಅಂತ ಭಾಳ ಮಂದಿ ಬಿಡೋದು ಈ ಹೊತ್ತಿನಾಗೇ. ಕೊನೀ ಇಂಜೆಕ್ಷನ್ ಯಾವಾಗ ಆಗಿತ್ತು?


ತೊಗರಿಹೂವು

ಹೆರಿಗಿಗಿಂತ ಹತ್ತು ದಿನ ಮೊದ್ಲು. ಮುಂದಿಂದು ಈ ತಿಂಗಳ ಕೊನಿಗಿ ಅದ. ಕ್ಯಾಲೆಂಡರ್‌ದಾಗ ಅತ್ತಿ ಗುರ್ತು ಹಾಕ್ಯಾರ.